‘ನಾನು ಕೂಗಿದರೆ ಅವರು ಹಾಡಿನ ಸೌಂಡು ಜಾಸ್ತಿ ಮಾಡ್ತಾರೆ’

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರೀಕೃತ ಬೋಟುಗಳಿಗೆ 61 ದಿನಗಳ ಕಡ್ಡಾಯ ರಜೆ. ಮಲ್ಪೆ ಬಂದರಿನಲ್ಲಿ ಅವು ಮೈಗೆ ಮೈ ತಾಗಿಸಿ ನಿಂತಿವೆ. ಅವುಗಳಲ್ಲೊಂದು ಟ್ರಾಲ್ ಬೋಟಿನ ಎಂಜಿನ್ ಕೋಣೆಗೆ ಇಳಿದು, ಸಮುದ್ರದ ನೀರೆಳೆದು ಎಂಜಿನ್ನನ್ನು ತಣ್ಣಗಿಡುವ ಪಂಪನ್ನು ಮಾತಿಗೆಳೆದೆವು. ಕಳೆದ ಹಂಗಾಮಿನಲ್ಲಿ ಅದು ಮಾಡಿದ ಸದ್ದಿನ ಬಗ್ಗೆ ದಕ್ಕೆಯಲ್ಲಿ ದೂರುಗಳಿದ್ದವು. ಪಂಪಿಗೆ ಬೇಸರವಿತ್ತು, ಮಾತಿಗೇನೂ ಬರವಿರಲಿಲ್ಲ.

ನಾವು: ನಮಸ್ಕಾರ. ರಜೆ ಹೇಗಿದೆ?

ಪಂಪು: ಎಂತ ರಜೆ ಮಾರಾಯ್ರೆ! ಮೇಲೆ ಬಲೆ ರಿಪೇರಿ ಆಗ್ತಾ ಉಂಟು, ಪೇಂಟ್ ಆಗ್ತಾ ಉಂಟು, ಬೋಟಿನ ಹೆಸರನ್ನು ಹೊಸ ಬಣ್ಣದಲ್ಲಿ ಬರೆಸ್ತಾ ಇದ್ದಾರೆ. ಕೆಳಗೆ ಇಳಿದು ನನ್ನ ಮುಖ ನೋಡಿದವರು ನೀವೇ ಮೊದಲು. ನೀವೂ ಬಂದದ್ದು ಬರೆಯುವುದಕ್ಕೆ, ರಿಪೇರಿಗಲ್ಲ.

ನಾವು: ನಿಮ್ಮ ಸದ್ದಿಗೆ ಕಲಾಸಿಗಳಿಗೆ ನಿದ್ದೆಯೇ ಇಲ್ಲವಂತೆ.

ಪಂಪು: ನನಗೆ ಉಂಟಾ? ಆಳಸಮುದ್ರಕ್ಕೆ ಹೋದರೆ ಎಂಜಿನ್ ಓಡಿದಷ್ಟು ಹೊತ್ತೂ ನಾನು ಓಡಬೇಕು. ಮತ್ತೆ, ಸದ್ದು ಅಂದರೆ ಒಂದೇ ಅಲ್ಲ. ನನ್ನಲ್ಲಿ ಮೂರ್ನಾಲ್ಕು ಥರದ್ದುಂಟು, ಪ್ರತಿಯೊಂದೂ ಬೇರೆ ಬೇರೆ ದೂರು. ಮೇಲಿನವರಿಗೆ ಎಲ್ಲವೂ ‘ಗಲಾಟೆ’.

ನಾವು: ಒಂದನ್ನು ಬಿಡಿಸಿ ಹೇಳಿ.

ಪಂಪು: ಡಬ್ಬಿಗೆ ಜಲ್ಲಿ ಹಾಕಿ ಕುಲುಕಿದ ಹಾಗೆ ಕೇಳಿದರೆ ಅದು ನನ್ನ ಹಸಿವು. ನಾನು ಎಳೆದೇ ಎಳೀತೇನೆ, ಆಚೆಯಿಂದ ಸಾಕಷ್ಟು ನೀರು ಬರುವುದಿಲ್ಲ. ಆಗ ನನ್ನ ಹೊಟ್ಟೆಯಲ್ಲಿ ಒತ್ತಡ ಕುಸಿದು, ತಣ್ಣಗಿನ ನೀರೇ ಕುದಿಯಲಿಕ್ಕೆ ಶುರು. ಬೆಂಕಿ ಇಲ್ಲ, ಬಿಸಿ ಇಲ್ಲ, ಗುಳ್ಳೆ ಮಾತ್ರ! ಆ ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆ ಬಂದದ್ದೇ ಒಳಕ್ಕೆ ಕುಸಿದು ಪಟಪಟ ಒಡೀತವೆ. ಆ ಏಟಿಗೆ ಲೋಹ ಕೂಡ ಗುಳಿ ಬೀಳ್ತದೆ. ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರೇಲೀ 1917ರಲ್ಲೇ ಈ ಗುಳ್ಳೆ ಕುಸಿಯುವ ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಓನರ್ ಇನ್ನೂ ‘ಪಂಪಿಗೆ ವಯಸ್ಸಾಯ್ತು’ ಅನ್ನುವ ಲೆಕ್ಕದಲ್ಲೇ ಇದ್ದಾರೆ.

ನಾವು: ಸುತ್ತ ಇಡೀ ಅರಬ್ಬಿ ಸಮುದ್ರವಿರುವಾಗ ನೀರಿಗೆ ಬರವೇ?

ಪಂಪು: ಸಮುದ್ರ ಉಂಟು, ಬರಲಿಕ್ಕೆ ದಾರಿ ಬೇಡವಾ? ತಳದ ವಾಲ್ವ್ ಅರ್ಧ ಮಾತ್ರ ತೆರೆದಿರ್ತದೆ. ಇಲ್ಲವಾ, ಹೋಸಿನ ಒಳಪದರ ಕಿತ್ತು ಬಂದಿರ್ತದೆ. ಹೊರಗಿಂದ ಗಟ್ಟಿಮುಟ್ಟು, ನಾನು ಎಳೆದ ಕೂಡಲೇ ಒಳಗೆ ಮುಚ್ಚಿಕೊಳ್ತದೆ. ಹೆಚ್ಚಾಗಿ ಕೈಕೊಡುವುದು ಜಾಲರಿ. ಕಳೆದ ಸಲ ಬಿಚ್ಚಿದಾಗ ಎಂತ ಸಿಕ್ಕಿತು ಗೊತ್ತುಂಟಾ? ಪಾಚಿ, ಚಿಪ್ಪು, ಲೋಳೆಮೀನಿನ ಚೂರು, ಅದರ ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ. ನಿಷೇಧ ಆದದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ಯಾರಿಗಾದರೂ ಸಂಶಯ ಇದ್ದರೆ ನನ್ನ ಜಾಲರಿ ಬಿಚ್ಚಿ ನೋಡಲಿ.

ನಾವು: (ಬರೆದುಕೊಳ್ಳುತ್ತಾ) ಇದನ್ನು ಪ್ರಕಟಿಸಬಹುದೇ?

ಪಂಪು: ಹಾಕಿ, ಹಾಕಿ. ಎಂತ ಮಾಡ್ತಾರೆ? ಎತ್ತಂಗಡಿ ಮಾಡ್ತಾರೆ, ಅಷ್ಟೇ. ನನಗಿಂತ ಮೊದಲು ಇಲ್ಲಿದ್ದವರಿಗೆ ಆದದ್ದೂ ಅದೇ. ಸದ್ದು ಮಾಡ್ತದೆ ಅಂತ ಅವರನ್ನು ಕಿತ್ತು ಗುಜರಿಗೆ ಹಾಕಿದರು. ನನ್ನನ್ನು ತಂದು ಕೂರಿಸಿ, ಊದುಬತ್ತಿ ಹಚ್ಚಿ, ಎಂಜಿನ್ ಸ್ಟಾರ್ಟ್ ಮಾಡಿದರು. ಅದೇ ಸದ್ದು! ಹೋಸಿನ ಕ್ಲಿಪ್ಪು ಸಡಿಲ ಇತ್ತು, ಗಾಳಿ ಎಳೀತಾ ಇತ್ತು. ಎಳೆಯುವ ಬದಿಯಲ್ಲಿ ಸಂದು ಬಿಟ್ಟರೆ ಪಂಪು ಓಡುವಾಗ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗ್ತದೆ. ಹೊರಗೆ ಒಣಗಿದ್ದರೆ ಎಲ್ಲ ಸರಿ ಇದೆ ಅಂತ ಷರಾ ಬರೆಯುವುದು ನಿಮ್ಮವರ ಪದ್ಧತಿ. ಸ್ಕ್ರೂಡ್ರೈವರಿನಲ್ಲಿ ಎರಡು ಸುತ್ತು ಬಿಗಿ ಮಾಡಿದ್ದರೆ ಆ ಹಿರಿಯರು ಇವತ್ತಿಗೂ ಡ್ಯೂಟಿಯಲ್ಲಿರ್ತಿದ್ದರು.

ನಾವು: ಸದ್ದು ನಿಲ್ಲಿಸಲು ಯಾರೂ ಪ್ರಯತ್ನಿಸಲೇ ಇಲ್ಲವೇ?

ಪಂಪು: ಮಾಡದೆ ಉಂಟಾ? ನಾನು ಕೂಗಿದರೆ ಮೊದಲು ಹಾಡಿನ ಸೌಂಡು ಜಾಸ್ತಿ ಮಾಡ್ತಾರೆ. ಅದಕ್ಕೂ ಬಗ್ಗದಿದ್ದರೆ ಗೋಣಿ ಹೊದಿಸ್ತಾರೆ. ಒಬ್ಬ ಬಂದು ಬೆಲ್ಟು ಬಿಗಿದ. ಸಡಿಲ ಬೆಲ್ಟು ಕೀಂಯ್ ಅನ್ನುವುದು ಹೌದು, ಆದರೆ ಮಿತಿಮೀರಿ ಬಿಗಿದರೆ ಬೇರಿಂಗಿಗೆ ಏಟು. ಕಡೆಗೆ ಒಬ್ಬರು ಹಳೇ ಮಿಸ್ತ್ರಿ ಬಂದರು. ಮಾತಿಲ್ಲ, ಕತೆಯಿಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಬೇರಿಂಗಿನ ಮೇಲೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನ ಹೊಟ್ಟೆಯಡಿಯ ಸಣ್ಣ ತೂತಿಗೆ ಬೆರಳಿಟ್ಟರು. ಒದ್ದೆ. ನಾಲಿಗೆಗೆ ತಾಗಿಸಿದರು. ಉಪ್ಪು. ‘ಸೀಲು ಹೋಗಿದೆ, ಇನ್ನು ಬೇರಿಂಗಿನ ಸರದಿ’ ಅಂದರು. ಆ ತೂತು ಇರುವುದೇ ಅದಕ್ಕೆ. ಸೀಲು ಸೋತಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬಿದ್ದು ಸುದ್ದಿ ಮುಟ್ಟಿಸಲಿ ಅಂತ.

ನಾವು: ಓನರ್ ಏನು ಕ್ರಮ ಕೈಗೊಂಡರು?

ಪಂಪು: ತೂತಿಗೆ ಎಂಸೀಲ್ ಹಾಕಿ ಮುಚ್ಚಿಸಿದರು.

ನಾವು: ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬೇಕು. ಸಿದ್ಧರಿದ್ದೀರಾ?

ಪಂಪು: ಎಲ್ಲಿಯ ಸಿದ್ಧ! ನನ್ನೊಳಗಿರುವುದು ರಬ್ಬರಿನ ಇಂಪೆಲ್ಲರ್. ಅದರ ಒಂದು ಬದಿಯ ರೆಕ್ಕೆಗಳು ಯಾವಾಗಲೂ ಮಡಚಿಕೊಂಡೇ ಇರ್ತವೆ. ತಿರುಗದೆ ಎರಡು ತಿಂಗಳು ಕೂತರೆ ಮಡಚಿದ್ದು ಹಾಗೇ ಸೆಟೆದು ಬಿರುಕು ಬಿಡಬಹುದು. ಜೂನಿನಲ್ಲೇ ಮುಚ್ಚಳ ಬಿಚ್ಚಿ ಅದನ್ನು ತೆಗೆದಿಡಬೇಕಿತ್ತು. ಈಗ ಹಾಗೇ ಸ್ಟಾರ್ಟ್ ಮಾಡಿದರೆ ರೆಕ್ಕೆ ತುಂಡಾಗಿ ಕೂಲರಿನ ಪೈಪಿಗೆ ಸಿಕ್ಕಿಹಾಕಿಕೊಂಡೀತು. ನೀರಿಲ್ಲದೆ ಓಡಿಸಿದರಂತೂ ಕೆಲವೇ ನಿಮಿಷ ಸಾಕು, ರಬ್ಬರು ಸುಟ್ಟು ಹೋಗಲಿಕ್ಕೆ.

ನಾವು: ಬೋಟಿನವರಿಗೆ ಕೊನೆಯದಾಗಿ ಏನಾದರೂ?

ಪಂಪು: ಬೋಟಿಗೆ ಹೂವಿನ ಹಾರ ಹಾಕುವ ಮೊದಲು ಆ ಎಂಸೀಲ್ ಕೆರೆದು ತೆಗೆಯಿರಿ. ಸೀಲು, ಬೇರಿಂಗ್ ಹೊಸತು ಹಾಕಿಸಿ. ಜಾಲರಿ ತೊಳೆದು ವಾಲ್ವ್ ಪೂರ್ತಿ ತೆರೆಯಿರಿ. ಹೊಸ ಇಂಪೆಲ್ಲರನ್ನು ಸೋಪಿನ ನೀರು ಸವರಿ ಕೂರಿಸಿ. ಮಾಮೂಲಿ ಗ್ರೀಸ್ ಬೇಡ, ರಬ್ಬರಿಗೆ ಆಗುವುದಿಲ್ಲ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಬೋಟಿನ ಬದಿಯಿಂದ ನೀರು ಹಾರ್ತಾ ಉಂಟಾ ಅಂತ ತಾಂಡೇಲರು ಒಮ್ಮೆ ಬಗ್ಗಿ ನೋಡಲಿ. ಮತ್ತೆ ಒಂದು ಇಂಪೆಲ್ಲರ್, ಒಂದು ಗ್ಯಾಸ್ಕೆಟ್ ಹೆಚ್ಚಿಗೆ ತೆಗೆದು ಬೋಟಿನಲ್ಲಿ ಇಟ್ಟುಕೊಳ್ಳಿ. ನಡುಸಮುದ್ರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಲ್ಲ.