ಉದ್ಯೋಗ: ಪೋಕರ್

ನಮ್ಮ ಕಡೆ ಇಸ್ಪೀಟಾಡುವವರಲ್ಲಿ ಹಿಂದಿನಿಂದ ಎರಡೇ ಪಂಗಡ. ಶಿವರಾತ್ರಿಯ ಜಾಗರಣೆಗೆ, ಮದುವೆಯ ಹಿಂದಿನ ರಾತ್ರಿ ಛತ್ರದ ಜಮಖಾನದ ಮೇಲೆ, ಭಾನುವಾರ ಕ್ಲಬ್ಬಿನಲ್ಲಿ ರಮ್ಮಿ ಆಡುವ ಮರ್ಯಾದಸ್ಥರದು ಒಂದು. ಊರಾಚೆಯ ತೋಪಿನಲ್ಲಿ ಅಂದರ್-ಬಾಹರ್ ಆಡಿ, ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಜೂಜು ಅಡ್ಡೆ ಮೇಲೆ ದಾಳಿ’ ಎಂಬ ನಾಲ್ಕು ಸಾಲಿನ ಸುದ್ದಿಯಾಗುವವರದು ಇನ್ನೊಂದು. ಎಲೆಗಳು ಅವೇ 52. ಪೊಲೀಸ್ ಜೀಪು ಕಂಡಾಗ ಎದ್ದು ಓಡುವವರು ಯಾರು, ‘ಬನ್ನಿ ಸಾರ್, ಒಂದು ಕೈ ಆಡಿ’ ಎನ್ನುವವರು ಯಾರು ಎಂಬುದರಲ್ಲಷ್ಟೇ ವ್ಯತ್ಯಾಸ. ಈಚಿನ ವರ್ಷಗಳಲ್ಲಿ ಬೆಂಗಳೂರು ಮೂರನೆಯ ಪಂಗಡವೊಂದನ್ನು ಹುಟ್ಟುಹಾಕಿದೆ: ವೃತ್ತಿಪರ ಪೋಕರ್ ಆಟಗಾರ. ಇವನು ಓಡುವುದೂ ಇಲ್ಲ, ಕರೆಯುವುದೂ ಇಲ್ಲ. ಮೊಬೈಲ್ ತೆಗೆದು ಹೈಕೋರ್ಟಿನ ಆದೇಶದ ಪಿಡಿಎಫ್ ತೋರಿಸುತ್ತಾನೆ.

ಇಂಥವನೊಬ್ಬ ನಮ್ಮ ಅಕ್ಕನ ಮಗ. ಹೆಸರು ಬೇಡ, ಅಕ್ಕ ಬೈಯುತ್ತಾಳೆ. ಅವನೂ ಅವನ ಜೊತೆಗಾರರೂ ತಮ್ಮನ್ನು ‘ಪ್ರೊ’ ಎಂದು ಕರೆದುಕೊಳ್ಳುವುದರಿಂದ ನಾವೂ ಹಾಗೇ ಕರೆಯೋಣ. ಪ್ರೊ ಸಿಇಟಿ ಬರೆದ, ಇಂಜಿನಿಯರಿಂಗ್ ಓದಿದ, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡವೊಂದರಲ್ಲಿ ಕೆಲವು ವರ್ಷ ಕೆಲಸವನ್ನೂ ಮಾಡಿದ. ಒಂದು ದಿನ ರಾಜೀನಾಮೆ ಕೊಟ್ಟು ಬಂದು, ‘ಇನ್ಮೇಲೆ ಫುಲ್ ಟೈಮ್ ಪೋಕರ್’ ಎಂದ. ಅಕ್ಕನಿಗೆ ಫುಲ್ ಟೈಮ್ ಅಷ್ಟೇ ಅರ್ಥವಾಯಿತು. ‘ಪರ್ಮನೆಂಟ್ ಆಯ್ತಾ?’ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಪೋಕರ್ ಎಂದರೆ ನಮಗೆಲ್ಲ ಜೇಮ್ಸ್ ಬಾಂಡನ ಟಕ್ಸೀಡೊ, ಸಿಗಾರಿನ ಹೊಗೆ, ಪಕ್ಕದಲ್ಲೊಬ್ಬ ಸುಂದರಿ. ನಾನೂ ಅಂಥದ್ದೇನಾದರೂ ಕಂಡೀತೆಂಬ ಆಸೆಯಿಂದಲೇ ಎಚ್‌ಎಸ್‌ಆರ್ ಲೇಔಟಿನ ಅವನ ಬಾಡಿಗೆ ಮನೆಗೆ ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ಎದ್ದಿದ್ದ. ಬರ್ಮುಡಾ ಚಡ್ಡಿ, ಸೊಂಟಕ್ಕೊಂದು ಬೆಲ್ಟು (ಕೂತು ಕೂತು ಬೆನ್ನುನೋವು), ಮುಂದೆ ಎರಡು ಮಾನಿಟರು, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ. ತೆರೆಯ ಮೇಲೆ ಒಟ್ಟಿಗೆ ನಾಲ್ಕು ಟೇಬಲ್ಲು. ನಾಲ್ಕರಲ್ಲೂ ಅವನು ಮಾಡುತ್ತಿದ್ದುದು ಒಂದೇ ಕೆಲಸ, ಬಂದ ಎಲೆಯನ್ನು ಬಿಸಾಡುವುದು. ಅರ್ಧ ಗಂಟೆ ನೋಡಿದೆ. ಬಿಸಾಡಿದ, ಬಿಸಾಡಿದ, ಒಂದು ತುತ್ತು ತಿಂದ, ಬಿಸಾಡಿದ.

‘ಆಡೋದು ಯಾವಾಗಪ್ಪ?’ ಎಂದೆ.

‘ಆಡದೆ ಇರೋದೇ ಆಟ ಮಾವ. ಆಡ್ಬೇಕು ಅನ್ನಿಸೋನು ಕಸ್ಟಮರು. ಅನ್ನಿಸ್ದೆ ಇರೋನು ಪ್ರೊ.’

ಆಟದ ನಿಯಮ ಬಲು ಸರಳ. ಪ್ರತಿಯೊಬ್ಬನಿಗೂ ಮುಚ್ಚಿದ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ. ಮೊದಲು ಮೂರು ಬಿಚ್ಚುತ್ತಾರೆ, ಅದು ಫ್ಲಾಪ್. ಆಮೇಲೊಂದು, ಟರ್ನ್. ಕೊನೆಗೊಂದು, ರಿವರ್. ಏಳರಲ್ಲಿ ಒಳ್ಳೆಯ ಐದು ಯಾರದೋ ಹಣ ಅವರದು. ನಡುನಡುವೆ ಪಣ ಏರಿಸಬಹುದು, ಹೆದರಿಸಬಹುದು, ಹೆದರಿ ಎದ್ದುಹೋಗಬಹುದು. ಕೈಗೆ ಬರುವ ಎರಡೆಲೆಗಳ ಜೋಡಿ 1,326 ಬಗೆ. ಎರಡೂ ಎಕ್ಕ ಬರುವುದು ಸರಾಸರಿ 221 ಸಲಕ್ಕೊಮ್ಮೆ. ಪ್ರೊ ಇವನ್ನೆಲ್ಲ ನಮ್ಮ ಕಾಲದವರು ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳುತ್ತಿದ್ದ ರಭಸದಲ್ಲಿ ಒಪ್ಪಿಸುತ್ತಾನೆ. ಆಟ ಮುಗಿದ ಮೇಲೆ ಎರಡು ಗಂಟೆ ಲೆಕ್ಕ ಬರೆಯುತ್ತಾನೆ: ಯಾವ ಕೈ, ಯಾವ ಜಾಗ, ಎಷ್ಟು ಪಣ, ತಪ್ಪೆಲ್ಲಿ. ಅವನ ತಾತ, ಅಂದರೆ ನಮ್ಮ ತಂದೆ, ಜಿಲ್ಲಾ ಖಜಾನೆಯಲ್ಲಿ ಗುಮಾಸ್ತರಾಗಿದ್ದವರು. ಹೀಗೇ ಬೆನ್ನು ಬಗ್ಗಿಸಿ ಹೀಗೇ ಅಂಕಣ ಗೀಚುತ್ತಿದ್ದರು. ಅವರಿಗೆ ಪಿಂಚಣಿ ಬಂತು, ಇವನಿಗೆ ಸೊಂಟದ ಬೆಲ್ಟು ಬಂತು. ನಮ್ಮ ವಂಶದಲ್ಲಿ ಕೊನೆಗೂ ಒಬ್ಬ ಜೂಜುಕೋರ ಹುಟ್ಟಿದನಲ್ಲ ಎಂದು ಒಳಗೊಳಗೇ ಹಿಗ್ಗಿದ್ದ ನನಗೆ, ಹುಟ್ಟಿದ್ದು ಇನ್ನೊಬ್ಬ ಗುಮಾಸ್ತ ಎಂದು ತಿಳಿದಾಗ ಆದ ನಿರಾಸೆ ಅಷ್ಟಿಷ್ಟಲ್ಲ.

ಅವನ ನಿಘಂಟಿನಲ್ಲಿ ‘ಸೋತೆ’ ಎಂಬ ಕ್ರಿಯಾಪದ ಇಲ್ಲ. ಗೆದ್ದರೆ ಸ್ಕಿಲ್ಲು. ಹಣ ಹೋದರೆ ವೇರಿಯನ್ಸು. ಮೂರು ತಿಂಗಳು ಬಿಡದೆ ಹೋದರೆ ಡೌನ್‌ಸ್ವಿಂಗು. ಅಂಥದೊಂದು ಡೌನ್‌ಸ್ವಿಂಗಿನಲ್ಲಿ ಅಕ್ಕ, ‘ನಮ್ಮ ಕಾಲದಲ್ಲಿ ಇದಕ್ಕೆ ಶನಿ ಅಂತಿದ್ರು’ ಎಂದು ಅವನನ್ನು ಎಳೆದುಕೊಂಡು ಹೋಗಿ ದೇವಸ್ಥಾನದಲ್ಲಿ ಎಳ್ಳೆಣ್ಣೆ ದೀಪ ಹಚ್ಚಿಸಿದಳು. ಆ ರಾತ್ರಿಯೂ ಹೋಯಿತು. ‘ಒಂದು ಶನಿವಾರದಿಂದ ಏನೂ ಹೇಳಕ್ಕಾಗಲ್ಲಮ್ಮ, ಸ್ಯಾಂಪಲ್ ಸೈಜ್ ಚಿಕ್ಕದು’ ಎಂದ. ಅಕ್ಕ ಬಿಡುವವಳಲ್ಲ, ಸ್ಯಾಂಪಲ್ ಹೆಚ್ಚಿಸಿದಳು. ಕೆಲವು ಶನಿವಾರ ಕಳೆದ ಮೇಲೆ ಹಣ ಬರತೊಡಗಿತು. ಇಂದಿಗೂ ಅಕ್ಕ ಅದನ್ನು ಶನಿದೇವರ ಲೆಕ್ಕಕ್ಕೆ ಬರೆದರೆ ಮಗ ಸ್ಕಿಲ್ಲಿನ ಲೆಕ್ಕಕ್ಕೆ ಬರೆಯುತ್ತಾನೆ. ಎಣ್ಣೆಯ ಖರ್ಚು ಮಾತ್ರ ನಮ್ಮ ಭಾವನವರ ಲೆಕ್ಕದಲ್ಲಿದೆ.

ವೃತ್ತಿಪರನನ್ನು ಗುರುತಿಸಲು ಒಂದು ಖಚಿತ ಲಕ್ಷಣ ಹೇಳುತ್ತೇನೆ. ಅವನು ಗೆದ್ದ ಕಥೆ ಹೇಳುವುದಿಲ್ಲ. ಎಲ್ಲ ಸರಿಯಾಗಿ ಆಡಿಯೂ ಕೊನೆಯ ಎಲೆಯಲ್ಲಿ ಕೆಟ್ಟ ಕಥೆಯನ್ನು ಸಿಕ್ಕಿದವರಿಗೆಲ್ಲ ಹೇಳುತ್ತಾನೆ. ಅದಕ್ಕೆ ಬ್ಯಾಡ್ ಬೀಟ್ ಎಂದು ಹೆಸರು. ನಂಟರೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ ನನಗೂ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೂ ನಡುವೆ ಕೂತು ಇದನ್ನು ಬಾಳೆಲೆಯ ಮೇಲೆ ಪ್ರಾತ್ಯಕ್ಷಿಕೆ ಸಮೇತ ವಿವರಿಸಿದ.

‘ಇವೆರಡು ಹೋಳಿಗೆ ಅಂದ್ಕೊಳ್ಳಿ ಅಂಕಲ್, ನನ್ನ ಕೈ. ಎರಡೂ ಎಕ್ಕ. ಈ ಉಪ್ಪು, ಉಪ್ಪಿನಕಾಯಿ ಎದುರಿನ ಆಸಾಮಿದು. ಏಳು, ಎರಡು. ಇಡೀ ಆಟದಲ್ಲಿ ಅದಕ್ಕಿಂತ ದರಿದ್ರ ಕೈ ಇಲ್ಲ. ನಾನು ಇದ್ದಬದ್ದದ್ದೆಲ್ಲ ಇಟ್ಟೆ. ಅವನೂ ಇಟ್ಟ! ಫ್ಲಾಪ್ ಬಂತು.’ ಕೋಸಂಬರಿ, ಪಲ್ಯ, ಗೊಜ್ಜನ್ನು ಬೆರಳಿನಿಂದ ಸಾಲಾಗಿ ಸರಿಸಿದ. ‘ರಾಜ, ಒಂಬತ್ತು, ಏಳು. ಅವನಿಗೊಂದು ಜೋಡಿ ಆಯ್ತು, ಆಗ್ಲಿ. ಟರ್ನ್‌ನಲ್ಲಿ ನಾಲ್ಕು, ಯಾರಿಗೂ ಬೇಡ.’ ಅಲ್ಲಿಗೆ ಹಪ್ಪಳ ಬಂತು. ‘ಈಗ ಉಳಿದಿರೋದು 44 ಎಲೆ. ಅವನನ್ನ ಗೆಲ್ಲಿಸೋದು ಅದರಲ್ಲಿ ಐದೇ ಐದು.’

‘ಪಾಯಸ?’ ಎಂದ ಬಡಿಸುವವನು.

‘ಒಂದ್ನಿಮಿಷ ಇರಿ, ರಿವರ್ ಬಂದಿಲ್ಲ.’

ಬಡಿಸುವವನಿಗೆ ಇನ್ನೂ ಮೂರು ಪಂಕ್ತಿ ಬಾಕಿಯಿತ್ತು. ಎರಡು ಹೋಳಿಗೆಯ ಮೇಲೂ ಸೌಟು ಬೋರಲು ಹಾಕಿ ಮುಂದೆ ಹೋದ.

‘ಎರಡು ಬಂತು’ ಎಂದ ಪ್ರೊ, ಎಲೆಯನ್ನೇ ನೋಡುತ್ತ. ‘ಅವನಿಗೆ ಎರಡು ಜೋಡಿ.’

ಹೆಡ್‌ಮಾಸ್ತರರು ಮರುಗಿದರು. ‘ಎಷ್ಟು ಹೋಯ್ತಪ್ಪ?’

‘ಹೋಗಿದ್ದು ಅಂತಲ್ಲ ಅಂಕಲ್. ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಲೆಕ್ಕದಲ್ಲಿ ಗೆದ್ದಿದ್ದು ನಾನೇ.’

‘ಸರಿ, ದುಡ್ಡು ಈಗ ಯಾರ ಹತ್ರ ಇದೆ?’

ಪ್ರೊ ಸಾರಿನವನನ್ನು ಕೂಗಿದ.

ಧರ್ಮರಾಯನ ಕಥೆ ಎತ್ತದೆ ನಮ್ಮಲ್ಲಿ ಯಾವ ಹಿರಿಯರೂ ಇಂಥವನಿಗೆ ಬುದ್ಧಿ ಹೇಳುವುದಿಲ್ಲ. ನಾನೂ ಎತ್ತಿದೆ. ಪ್ರೊ ಬೇಸರಿಸಲಿಲ್ಲ, ಸಹೋದ್ಯೋಗಿಯ ಬಗ್ಗೆ ಮಾತಾಡುವ ಹಾಗೆ ಮಾತಾಡಿದ. ‘ಅವರ ಬ್ಯಾಂಕ್‌ರೋಲ್ ಮ್ಯಾನೇಜ್‌ಮೆಂಟ್ ಸರಿಯಿರ್ಲಿಲ್ಲ ಮಾವ. ಒಂದೇ ಟೇಬಲ್ಲಿಗೆ ಇಡೀ ರಾಜ್ಯ ಯಾರಾದ್ರೂ ಇಡ್ತಾರಾ? ಅದೂ ದಾಳ ಶಕುನಿದು, ಜಾಗ ದುರ್ಯೋಧನಂದು. ಸೀದಾ ಎದ್ದು ಬರ್ಬೇಕಿತ್ತು.’ ಆಮೇಲೆ ತನ್ನ ಕುಲಪುರುಷರನ್ನು ಪರಿಚಯಿಸಿದ. ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಅಕೌಂಟೆಂಟು (ಮನಿಮೇಕರ್ ಎಂಬುದು ಅವನ ನಿಜವಾದ ಮನೆತನದ ಹೆಸರೇ) ಇಂಟರ್‌ನೆಟ್ಟಿನಲ್ಲಿ ಪುಡಿಗಾಸು ಕೊಟ್ಟು ಆಡಿ ಅರ್ಹತೆ ಪಡೆದು, 2003ರಲ್ಲಿ ಲಾಸ್ ವೇಗಸ್‌ನ ವಿಶ್ವ ಸರಣಿಗೆ ಹೋಗಿ 839 ಜನರ ಕಣದಲ್ಲಿ ಆಡಿ 25 ಲಕ್ಷ ಡಾಲರ್ ಗೆದ್ದನಂತೆ. ಜಗತ್ತಿನ ಅಕೌಂಟೆಂಟುಗಳೆಲ್ಲ ಕೆಲಸ ಬಿಟ್ಟದ್ದು ಅಲ್ಲಿಂದ. 2017ರಲ್ಲಿ ನಿಪುಣ್ ಜಾವಾ ಮತ್ತು ಆದಿತ್ಯ ಸುಶಾಂತ್ ಅದೇ ಸರಣಿಯ ಜೋಡಿ ಆಟ ಗೆದ್ದು ಬಂಗಾರದ ಬ್ರೇಸ್ಲೆಟ್ ತೊಟ್ಟರು. ‘ಬಳೆ ತೊಡಿಸ್ತಾರಾ?’ ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ‘ಎಷ್ಟು ಗ್ರಾಂ?’

ಕಾನೂನಿನ ವಿಷಯದಲ್ಲಿ ಮಾತ್ರ ಪ್ರೊನ ತಂಟೆಗೆ ಹೋಗಬಾರದು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಪೊಲೀಸರಿಗಿಂತ ಇವನಿಗೆ ಚೆನ್ನಾಗಿ ಗೊತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸು ಬೇಡವೆಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತು. ಪಿಡಿಎಫ್ ಅದೇ. 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. ಪ್ರೊ ನಾಲ್ಕು ತಿಂಗಳು ಅಕ್ಕನ ಮನೆಯಲ್ಲಿ ಕೂತು ತೆಂಗಿನಕಾಯಿ ತುರಿದ. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿದ್ದೇ ಬ್ಯಾಗು ಹೆಗಲಿಗೇರಿಸಿ ಬೆಂಗಳೂರಿಗೆ ಹೊರಟ. ಆಮೇಲೆ ತೆರಿಗೆಯವರ ಸರದಿ. 2023ರ ಏಪ್ರಿಲ್‌ನಿಂದ ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ, ಅಕ್ಟೋಬರಿನಿಂದ ಆಟಕ್ಕೆ ಹಾಕುವ ಹಣಕ್ಕೇ ಶೇ 28 ಜಿಎಸ್‌ಟಿ. ‘ಟೇಬಲ್ಲಿನಲ್ಲಿ ಯಾವಾಗ್ಲೂ ಗೆಲ್ಲೋ ಆಟಗಾರ ಒಬ್ಬನೇ ಮಾವ, ಎಲೇನೂ ತಗೊಳಲ್ಲ’ ಎಂದ. ಮೊದಲ ಬಾರಿಗೆ ನನಗೆ ಅವನ ಮಾತು ಪೂರ್ತಿ ಅರ್ಥವಾಯಿತು.

ಕೊನೆಗೆ ಬಂತು ಕೇಂದ್ರದ ಕಾಯ್ದೆ: 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೌಶಲವೋ ಅದೃಷ್ಟವೋ ಎಂಬ ಹಳೆಯ ತಕರಾರನ್ನೇ ಬದಿಗಿಟ್ಟು, ಹಣವಿಟ್ಟು ಆಡುವ ಆನ್‌ಲೈನ್ ಆಟವನ್ನೆಲ್ಲ ದೇಶದಲ್ಲೇ ನಿಷೇಧಿಸಿದರು. ಶಿಕ್ಷೆ ಆಡಿಸುವವರಿಗೆ, ಆಡಿದವನಿಗಲ್ಲ. ಆದರೆ ಆಡಿಸುವವರೇ ಅಂಗಡಿ ಮುಚ್ಚಿದ ಮೇಲೆ ಆಡುವುದೆಲ್ಲಿ? ಪ್ರೊ ಫೋನ್ ಮಾಡಿ, ‘ಈ ಸಲ ವೇರಿಯನ್ಸ್ ಪಾರ್ಲಿಮೆಂಟ್ ಕಡೆಯಿಂದ ಬಂತು ಮಾವ’ ಎಂದ.

ಪಾಪ ಎನ್ನಿಸಿತು. ಆದರೆ ಪೂರ್ತಿ ಅನ್ನಿಸಲಿಲ್ಲ. ಈ ಆಟದಲ್ಲಿ ಬೆಳೆ ಬೆಳೆಯುವುದಿಲ್ಲ, ಬಟ್ಟೆ ನೇಯುವುದಿಲ್ಲ. ಒಬ್ಬನ ಜೇಬಿಗೆ ಬಂದದ್ದು ಇನ್ನೊಬ್ಬನ ಜೇಬಿನಿಂದಲೇ ಹೋಗಿರಬೇಕು, ನಡುವೆ ಆಡಿಸುವವನ ಪಾಲು ಬೇರೆ. ಚೆನ್ನಾಗಿ ಆಡಲು ಬಾರದವನಿಗೆ ಇವರ ಭಾಷೆಯಲ್ಲಿ ‘ಮೀನು’ ಎನ್ನುತ್ತಾರೆ. ಗೋವಾದಲ್ಲಿ ಜೊತೆಗೆ ಆಡಿದ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರೊಬ್ಬರ ಬಗ್ಗೆ ಪ್ರೊ ಒಮ್ಮೆ ಕಣ್ಣು ತೇವ ಮಾಡಿಕೊಂಡು ಹೇಳಿದ್ದ: ‘ಅಂಥ ಒಳ್ಳೇ ಮನುಷ್ಯರನ್ನ ನಾನು ನೋಡೇ ಇಲ್ಲ ಮಾವ. ಪ್ರತಿ ಕೈಯೂ ಆಡ್ತಾರೆ.’ ಆ ಸಾಹುಕಾರರ ಮನೆಯಲ್ಲೂ ಒಬ್ಬ ಅಕ್ಕ ಇರಬೇಕು, ಎಳ್ಳೆಣ್ಣೆ ಹಿಡಿದುಕೊಂಡು.

ಈಗ ಉಳಿದಿರುವುದು ಆ ಗೋವಾವೇ. ತಿಂಗಳಿಗೆ ಒಂದೆರಡು ಸಲ ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಪಣಜಿಗೆ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತುತ್ತಾನೆ. ಸುತ್ತ ಸಂಗೀತ, ದೀಪ, ಮದ್ಯ. ಇವನು ಟೋಪಿ ಮುಖದ ಮೇಲೆಳೆದುಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಬಿಸಿನೀರು ಕುಡಿಯುತ್ತ ಎಲೆ ಬಿಸಾಡುತ್ತಿರುತ್ತಾನೆ. ಎದುರಿನವರಿಗೆ ಮುಖದಲ್ಲಿ ಏನೂ ಗೊತ್ತಾಗಬಾರದಂತೆ, ಅದಕ್ಕಾಗಿ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದಾನೆ. ಅಕ್ಕನಿಗೆ ಅವನ ಮುಖವೇ ಬೇಕಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿ ಒಳಗಿನಿಂದಲೇ ‘ಎಷ್ಟು ಹೋಯ್ತೋ?’ ಎನ್ನುತ್ತಾಳೆ. ಜೋಡಿ ಒಟ್ಟಿಗೆ ಬಿಟ್ಟರೆ ಲಾಭ, ಒಂದೊಂದಾಗಿ ಬಿದ್ದರೆ ನಷ್ಟ. ಇದನ್ನು ಅವಳು ನನಗೆ ಹೇಳಿದ್ದಾಳೆ, ಅವನಿಗೆ ಹೇಳಿಲ್ಲ. ನಮ್ಮ ಮನೆಯಲ್ಲಿ ನಿಜವಾದ ಪ್ರೊ ಯಾರೆಂದು ಇದರಿಂದ ತಿಳಿಯಬಹುದು.

ಮದುವೆ ಮಾತುಕತೆ ನಿಂತಿದೆ. ‘ಹುಡುಗ ಗೇಮಿಂಗ್ ಕ್ಷೇತ್ರದಲ್ಲಿದ್ದಾನೆ’ ಎಂದು ಅಕ್ಕ ಹೇಳಿದರೆ ಹೆಣ್ಣಿನ ಕಡೆಯವರು ‘ಸ್ಪೋರ್ಟ್ಸ್ ಕೋಟಾನಾ?’ ಎನ್ನುತ್ತಾರೆ. ಅದಕ್ಕಿಂತ ತುರ್ತಾದದ್ದು ಮನೆಯ ಪ್ರಶ್ನೆ. ಕರಾರುಪತ್ರದಲ್ಲಿ ‘ಸ್ವಯಂ ಉದ್ಯೋಗ’ ಎಂದು ಬರೆಸಿದ್ದರ ಅರ್ಥ ಈಗಿನ ಮನೆ ಮಾಲೀಕರಿಗೆ ಹೇಗೋ ಗೊತ್ತಾಗಿ, ಖಾಲಿ ಮಾಡಿ ಎಂದಿದ್ದಾರೆ. ಅದರಿಂದ ಓದುಗರಲ್ಲಿ ಒಂದು ವಿನಂತಿ. ಎಚ್‌ಎಸ್‌ಆರ್, ಬಿಟಿಎಂ ಸುತ್ತಮುತ್ತ ಎರಡು ಕೋಣೆಯ ಮನೆ ಖಾಲಿಯಿದ್ದರೆ ತಿಳಿಸಿ. ಹುಡುಗ ಸಸ್ಯಾಹಾರಿ, ಕುಡಿಯುವುದಿಲ್ಲ, ಸಿಗರೇಟಿಲ್ಲ, ಗಲಾಟೆಯಿಲ್ಲ. ಬಾಡಿಗೆ ಐದನೇ ತಾರೀಖಿನೊಳಗೆ ಬರುತ್ತದೆ. ಅಡ್ವಾನ್ಸಿನ ವಿಷಯದಲ್ಲಿ ಮಾತ್ರ ನೀವು ಹತ್ತು ತಿಂಗಳದ್ದು ಕೇಳಿದಾಗ ಅವನು ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂರುತ್ತಾನೆ. ಹೆದರಬೇಡಿ, ಕೈಯಲ್ಲಿ ಏನೂ ಇರುವುದಿಲ್ಲ.