ಜಲ್ಲಿ ಸೈಕಲ್ ಮೀಮಾಂಸೆ

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಗ್ರಾವೆಲ್ ಬೈಕ್ ಹತ್ತಿ ಕಾಡುದಾರಿ, ಹೊಳೆದಂಡೆಗಳನ್ನು ಸುತ್ತಿ, ಮೈಯೆಲ್ಲ ಸುಣ್ಣಬಣ್ಣದ ಧೂಳು ಬಳಿದುಕೊಂಡು ಬರುವ ಪಂಥವೊಂದು ಬೆಳೆಯುತ್ತಿದೆ. ಈ ಪಂಥದ ಮೂಲಪುರುಷ ಯಾರು ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅವರೆಲ್ಲರೂ ತಪ್ಪು ಎಂಬಲ್ಲಿ ನಮಗೆ ಸಂಶಯವಿಲ್ಲ. ಹದಿನಾಲ್ಕನೆಯ ಲೂಯಿಯ ಹಣಕಾಸು ಮಂತ್ರಿ ಝಾನ್ ಬಾಪ್ತಿಸ್ತ್ ಕೋಲ್ಬೇರನೇ (1619–1683) ಆ ಪುರುಷನೆಂದು ಈ ಪ್ರಬಂಧದಲ್ಲಿ ಸಾಧಿಸಲಾಗುವುದು. ಪೆಡಲಿರುವ ಸೈಕಲ್ ಪ್ಯಾರಿಸ್ಸಿನ ಬೀದಿಗೆ ಬಂದದ್ದು 1860ರ ದಶಕದಲ್ಲಿ, ಮಂತ್ರಿ ತೀರಿಕೊಂಡು ನೂರೆಪ್ಪತ್ತೈದು ವರ್ಷ ಕಳೆದ ಮೇಲೆ. ಇದನ್ನೇ ದೊಡ್ಡ ಅಡ್ಡಿಯೆಂದು ಹಿಡಿಯಬಾರದು. ಶಂಕುಸ್ಥಾಪನೆ ಮಾಡಿದವರು ಉದ್ಘಾಟನೆಗೆ ಇಲ್ಲದಿರುವುದು ಸರ್ಕಾರಿ ಕಾಮಗಾರಿಗಳಲ್ಲಿ ಹೊಸ ಸಂಗತಿಯೇನಲ್ಲ.

ಮೊದಲು ಲಕ್ಷಣ. ಕೆಳಕ್ಕೆ ಬಾಗಿದ ಹ್ಯಾಂಡಲ್, 40 ಮಿಲಿಮೀಟರ್ ಆಸುಪಾಸಿನ ಟೈರು, ಡಿಸ್ಕ್ ಬ್ರೇಕು ಇರುವುದೇ ಗ್ರಾವೆಲ್ ಬೈಕ್ ಎಂದರೆ ಅವ್ಯಾಪ್ತಿ ದೋಷ ಬರುತ್ತದೆ. ನೆಟ್ಟಗಿನ ಹ್ಯಾಂಡಲ್ಲಿನವರೂ ಪಂಥದಲ್ಲಿದ್ದಾರೆ. ಜಲ್ಲಿಯ ಮೇಲೆ ಓಡುವುದೆಲ್ಲವೂ ಎಂದರೆ ಅತಿವ್ಯಾಪ್ತಿ. ಟ್ರ್ಯಾಕ್ಟರನ್ನೂ ಕಾಡುಹಂದಿಯನ್ನೂ ಒಳಗೆ ಬಿಟ್ಟುಕೊಳ್ಳಬೇಕಾದೀತು. ಆದ್ದರಿಂದ ದೋಷವಿಲ್ಲದ ಲಕ್ಷಣ ಹೀಗೆ: ಹತ್ತು ಲಕ್ಷ ಕಿಲೋಮೀಟರಿಗೂ ಮೀರಿ ರಸ್ತೆ ಹಾಸಿಟ್ಟ ದೇಶದಲ್ಲಿ, ಆ ರಸ್ತೆಯನ್ನು ತಪ್ಪಿಸಿಕೊಳ್ಳುವ ಸಲುವಾಗಿಯೇ, ಸಾದಾ ಸೈಕಲ್ಲಿಗಿಂತ ಹೆಚ್ಚು ದುಡ್ಡು ಸುರಿದು ಕೊಂಡದ್ದು.

ಇನ್ನು ಪೂರ್ವಪಕ್ಷ. ಅಮೆರಿಕದ ಕಾನ್ಸಾಸಿನ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಪಂದ್ಯದಿಂದಲೇ ಇದೆಲ್ಲ ಬಂತೆಂಬುದು ಒಂದು ವಾದ. ಈ ವಾದಿಗಳು 1903ರ ಮೊದಲ ತೂರ್ ದ ಫ್ರಾನ್ಸಿನ ಫೋಟೋಗಳನ್ನು ನೋಡಿದಂತಿಲ್ಲ. ಅಂದಿನ ದಾರಿಗಳಿಗೆ ಡಾಂಬರಿನ ಪರಿಚಯವೇ ಇರಲಿಲ್ಲ. ಹೊರಟವರೆಲ್ಲರೂ, ತಮಗೇ ಗೊತ್ತಿಲ್ಲದೆ, ಜಲ್ಲಿಪಂಥೀಯರು. 1913ರಲ್ಲಿ ಯೂಜೆನ್ ಕ್ರಿಸ್ತೋಫನ ಸೈಕಲ್ಲಿನ ಫೋರ್ಕು ಪಿರಿನೀಸ್ ಬೆಟ್ಟದ ಇಳಿಜಾರಿನಲ್ಲಿ ಮುರಿಯಿತು. ಪುಣ್ಯಾತ್ಮ ಸೈಕಲ್ಲನ್ನು ಹೊತ್ತು ಕೆಳಗಿನ ಹಳ್ಳಿಗೆ ನಡೆದ. ಅಲ್ಲಿಯ ಕುಲುಮೆಯಲ್ಲಿ ತನ್ನ ಕೈಯಾರೆ ಕಬ್ಬಿಣ ಕಾಯಿಸಿ ಬಡಿದು ಫೋರ್ಕನ್ನು ಸರಿಪಡಿಸಿದ. ಪರರ ನೆರವು ಪಡೆಯಬಾರದೆಂಬ ನಿಯಮವಿದ್ದುದರಿಂದ ಪಂದ್ಯದ ಅಧಿಕಾರಿಗಳು ಪಕ್ಕದಲ್ಲೇ ನಿಂತು ಕಾವಲು ಕಾದರು. ಹುಡುಗನೊಬ್ಬ ತಿದಿ ಒತ್ತಿದ್ದು ಕಣ್ಣಿಗೆ ಬಿತ್ತು; ದಂಡ ಬಿತ್ತು. ಕುಲುಮೆಯ ಮುಂದೆ ನಿಂತು ಗಾಳಿಯ ಲೆಕ್ಕ ಇಡುವ ಈ ಪರಂಪರೆಯ ಮುಂದೆ ಎಂಪೋರಿಯಾ ಏನೇನೂ ಅಲ್ಲ.

ಎರಡನೆಯ ವಾದ ಹೆಚ್ಚು ತೂಕದ್ದು. ಸೇಂತ್ ಎತಿಯೆನ್ನಿನ ಪೋಲ್ ದ ವಿವಿ (1853–1930), ವೆಲೋಸಿಯೊ ಎಂಬ ಹೆಸರಲ್ಲಿ ಬರೆದಾತ, ಸಸ್ಯಾಹಾರಿ, ಗೇರುಗಳ ಪ್ರಚಾರಕ. ಗೇರು ಬದಲಿಸುವುದು ಮುದುಕರ ಕೆಲಸವೆಂದು ತೂರ್‌ನ ಯಜಮಾನರು ಮೂಗು ಮುರಿದರು; ಆ ಪಂದ್ಯಕ್ಕೆ ಡಿರೇಲರ್ ಪ್ರವೇಶಿಸಿದ್ದು 1937ರಲ್ಲಿ, ವೆಲೋಸಿಯೊ ಕಣ್ಣುಮುಚ್ಚಿ ಏಳು ವರ್ಷವಾದ ಮೇಲೆ. ಹಸಿವಾಗುವ ಮುಂಚೆ ತಿನ್ನಿ, ಬಾಯಾರುವ ಮುಂಚೆ ಕುಡಿಯಿರಿ, ಜಂಬಕ್ಕಾಗಿ ಪೆಡಲ್ ತುಳಿಯಬೇಡಿ ಎಂಬುದು ಆತನ ಉಪದೇಶದ ಸಾರ. ಮೊದಲೆರಡನ್ನು ಪಂಥದವರು ನಿಷ್ಠೆಯಿಂದ ಪಾಲಿಸುತ್ತಾರೆ. ಆದರೆ ವೆಲೋಸಿಯೊ ತಯಾರು ಮಾಡಿದ್ದು ಸವಾರನನ್ನು, ದಾರಿಯನ್ನಲ್ಲ. ದಾರಿಯಿಲ್ಲದೆ ಸವಾರನಿಗೆ ಅಸ್ತಿತ್ವವಿಲ್ಲ, ಸವಾರನಿಲ್ಲದೆಯೂ ದಾರಿಗೆ ಉಂಟು. ಆದ್ದರಿಂದ ಕೋಲ್ಬೇರ್.

ಪ್ರಮಾಣ ನೋಡೋಣ. 1669ರ ಆಗಸ್ಟಿನಲ್ಲಿ ಆತ ಹೊರಡಿಸಿದ ರಾಜಾಜ್ಞೆಯ ವಿಷಯ ಎರಡೇ: ಜಲ ಮತ್ತು ಅರಣ್ಯ. ಗ್ರಾವೆಲ್ ಸವಾರರು ನಕ್ಷೆ ಬಿಡಿಸಿ ಹುಡುಕುವುದೂ ಈ ಎರಡನ್ನೇ. ದೋಣಿ ಓಡುವ ನದಿಗಳ ಪಕ್ಕದ ಜಮೀನಿನವರು ದೋಣಿ ಎಳೆಯುವ ಕುದುರೆಗಳಿಗಾಗಿ ಒಂದು ದಂಡೆಯಲ್ಲಿ 24 ಅಡಿ, ಎದುರು ದಂಡೆಯಲ್ಲಿ 10 ಅಡಿ ಬಿಡತಕ್ಕದ್ದು ಎಂದು ಅದರಲ್ಲಿದೆ. ಮುಂದೆ ಕ್ರಾಂತಿ ಬಂತು, ರಾಜರ ತಲೆ ಹೋಯಿತು, ಅಡಿ ಹೋಗಿ ಮೀಟರ್ ಬಂತು. ಇಂದಿನ ಫ್ರೆಂಚ್ ಕಾಯಿದೆ ಅದೇ ದಂಡೆಗೆ ವಿಧಿಸುವ ಅಗಲ 7.80 ಮೀಟರ್, ಎದುರಿನದಕ್ಕೆ 3.25 ಮೀಟರ್. ಸ್ವಂತ ಬುದ್ಧಿಯಿಂದ ಯಾವ ಎಂಜಿನಿಯರೂ 7.80 ಎಂದು ಬರೆಯಲಾರ. ಇದು ಆ ಕಾಲದ ಅರಸು ಅಡಿಯ 24ರ ಲೆಕ್ಕ, ದಶಮಾಂಶದ ವೇಷದಲ್ಲಿ. ಇಬ್ಬರು ಅಕ್ಕಪಕ್ಕ ಹರಟುತ್ತ ಹೋಗಲು, ಎದುರಿಗೆ ನಾಯಿ ಹಿಡಿದ ಅಜ್ಜಿ ಬಂದರೆ ಬೊಂಜೂರ್ ಹೇಳಿ ಸರಿಯಲು ಇಷ್ಟು ಅಗಲ ಧಾರಾಳ. ಕುದುರೆಗಳಿಗೆ ಹರಟುವ ಅಭ್ಯಾಸವಿರಲಿಲ್ಲವಾದ್ದರಿಂದ ಮಂತ್ರಿಯ ಮನಸ್ಸಿನಲ್ಲಿ ಯಾರಿದ್ದರೆಂಬುದು ಸ್ಪಷ್ಟ. ಬೆರ್ರಿ ಕಾಲುವೆಯ ಕಿರುದೋಣಿಗಳನ್ನು ಮುಂದೆ ಕತ್ತೆಗಳು ಎಳೆಯುತ್ತಿದ್ದವು. 1955ರಲ್ಲಿ ಆ ಕಾಲುವೆಯನ್ನು ಜಲಮಾರ್ಗಗಳ ಪಟ್ಟಿಯಿಂದ ಕೈಬಿಟ್ಟರು. ಅದರ ದಂಡೆಯಲ್ಲಿ ಈಗ ಸೈಕಲ್ಲುಗಳು ಓಡಾಡುತ್ತವೆ. ಕತ್ತೆಗಳ ಉತ್ತರಾಧಿಕಾರಿಗಳು ಯಾರು ಎಂಬ ಸೂಕ್ಷ್ಮ ಪ್ರಶ್ನೆಯನ್ನು ಬೇರೆ ಪ್ರಬಂಧಕ್ಕೆ ಬಿಟ್ಟಿದ್ದೇವೆ.

ಅರಣ್ಯದ ಪ್ರಮಾಣ ಇನ್ನೂ ಬಲವಾದದ್ದು. ಅಲಿಯೇ ಜಿಲ್ಲೆಯ ತ್ರೋನ್ಸೆ ಕಾಡು ಹತ್ತು ಸಾವಿರ ಹೆಕ್ಟೇರಿಗೂ ದೊಡ್ಡದು. ಯುದ್ಧನೌಕೆಗೆ ಓಕ್ ಬೇಕೆಂದು ಕೋಲ್ಬೇರ್ ಅದನ್ನು ಕಾಪಾಡಿ ಬೆಳೆಸಲು ಏರ್ಪಾಡು ಮಾಡಿದ. ನೌಕೆಗೆ ಒದಗುವ ಓಕ್ ಬಲಿಯಲು ಎರಡು ಶತಮಾನ ಬೇಕು. ಮರ ಬಲಿಯಿತು; ಅಷ್ಟರಲ್ಲಿ, 1859ರಲ್ಲಿ, ಫ್ರೆಂಚರೇ ಕಬ್ಬಿಣದ ಕವಚ ತೊಟ್ಟ ‘ಲ ಗ್ಲುವಾರ್’ ನೌಕೆಯನ್ನು ನೀರಿಗಿಳಿಸಿದರು. ಮರದ ಹಡಗಿಗೆ ಕಾಲ ಮುಗಿದ ಮರುದಶಕದಲ್ಲೇ ಸೈಕಲ್ಲಿಗೆ ಪೆಡಲ್ ಬಂತು. ಇದನ್ನು ಕಾಕತಾಳೀಯ ಎನ್ನುವವರು ಕಾಗೆಯನ್ನೂ ನೋಡಿಲ್ಲ, ತಾಳೆಯನ್ನೂ ನೋಡಿಲ್ಲ. ಮರಗಳು ಈಗ ವೈನಿನ ಪೀಪಾಯಿಗಳಾಗುತ್ತವೆ. ಸೀಳಿದ ಹಲಗೆಗಳು ಎರಡು ಮೂರು ವರ್ಷ ಬಯಲಲ್ಲಿ ಮಳೆ ಬಿಸಿಲು ತಿನ್ನುತ್ತವೆ. ದಿಮ್ಮಿ ಸಾಗಿಸುವ ಲಾರಿಗಳಿಗೆಂದು ಹಾಕಿದ ಜಲ್ಲಿ ಮಾತ್ರ ಸವಾರನ ಪಾಲು. ಕಾಡಿನ ನಡುವೆ ಸೀಳುದಾರಿಗಳು ನಕ್ಷತ್ರದಂತೆ ಬಂದು ಸೇರುವ ವೃತ್ತಗಳಿವೆ. ಅಂಥಲ್ಲಿ ನಿಂತು ಸುತ್ತ ನೋಡಿದರೆ ಒಂದೊಂದು ದಾರಿಯೂ ಒಂದೇ ತೆರ: ಎರಡು ಗಾಲಿಜಾಡು, ನಡುವೆ ಹುಲ್ಲಿನ ಏಣು, ಎರಡೂ ಕಡೆ ಕೊಂಬೆಯಿಲ್ಲದೆ ಮೇಲೆದ್ದ ಓಕ್. ಬಂದ ದಾರಿ ಯಾವುದೆಂದು ಪಕ್ಕದವರನ್ನು ಕೇಳುವ ಹೊತ್ತಿಗೆ ಅವರೂ ಅದನ್ನೇ ಕೇಳುತ್ತಾರೆ.

ಆಗ ಶಾಸನಾಧ್ಯಯನ ನೆರವಾಗುತ್ತದೆ. ಮರದ ಮೇಲೆ ಬಿಳಿ ಪಟ್ಟೆ, ಅದರ ಕೆಳಗೆ ಕೆಂಪು ಪಟ್ಟೆ: ಇದು 1947ರಿಂದ ಬಂದ ದೂರಚಾರಣದ ಲಿಪಿ. ಅದೇ ಗುಣಾಕಾರ ಚಿಹ್ನೆಯಾಗಿದ್ದರೆ ಈ ಕಡೆ ಬರಬೇಡಿ ಎಂದು. ಬೇಟೆಯ ದಿನಗಳಲ್ಲಿ ಮಾತ್ರ ಕಾಣುವ ಇನ್ನೊಂದು ಶಾಸನದಲ್ಲಿ ‘ಬೇಟೆ ನಡೆಯುತ್ತಿದೆ’ ಎಂದಷ್ಟೇ ಇರುತ್ತದೆ. ನಮ್ಮ ಶಾಸನಗಳ ಕೊನೆಯಲ್ಲಿ ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪ ಬರುವುದೆಂಬ ಶಾಪವಿರುತ್ತದಲ್ಲ, ಇದರಲ್ಲಿ ಅದಿಲ್ಲ. ಗುಂಡಿನ ಸದ್ದೇ ಆ ಭಾಗವನ್ನು ಪೂರೈಸುತ್ತದೆ.

ಗಾಳಿಯ ವಿಷಯದಲ್ಲಿ ಪಂಥ ಒಡೆದಿದೆ. ಟೈರು ಬೇರೆ, ಟ್ಯೂಬು ಬೇರೆ, ಭೇದ ಸತ್ಯ ಎನ್ನುವವರು ದ್ವೈತಿಗಳು. ಟ್ಯೂಬೇ ಮಿಥ್ಯೆ, ಟೈರೊಂದೇ ಸತ್ಯ, ಅದರೊಳಗೆ ಹಾಲಿನಂಥ ಅಂಟುದ್ರವ ಸುರಿದರೆ ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚಿಕೊಳ್ಳುತ್ತದೆ ಎನ್ನುವವರು ಅದ್ವೈತಿಗಳು. ಸುಣ್ಣಕಲ್ಲಿನ ಚೂಪು ಅಂಚೊಂದು ಟೈರಿನ ಪಕ್ಕೆ ಸೀಳಿ ಆ ಹಾಲೆಲ್ಲ ಕಾಲಿಗೆ ಚಿಮ್ಮಿದಾಗ, ಅದ್ವೈತಿ ಸೀಟಿನಡಿಯ ಚೀಲ ಬಿಚ್ಚಿ ಮಡಿಸಿಟ್ಟ ಟ್ಯೂಬೊಂದನ್ನು ಮೆಲ್ಲಗೆ ಹೊರತೆಗೆಯುತ್ತಾನೆ. ಕೇಳಿದರೆ ವ್ಯಾವಹಾರಿಕ ಸತ್ಯ ಎನ್ನುತ್ತಾನೆ. ಕೋಲ್ಬೇರನ ಮನೆತನದ ಲಾಂಛನದಲ್ಲಿ ಸುರುಳಿ ಬಿಚ್ಚಿ ನಿಂತ ಹಾವೊಂದಿದೆ. ಅದನ್ನು ಟ್ಯೂಬೆಂದು ಓದಿ ಆತ ದ್ವೈತಿಯಾಗಿದ್ದನೆಂದು ತೀರ್ಮಾನಿಸಲು ನಮಗೆ ಏನೂ ಅಡ್ಡಿ ಕಾಣಲಿಲ್ಲ.

ಅನ್ನಪಾನದ ಪ್ರಕರಣ ಚಿಕ್ಕದು, ಏಕೆಂದರೆ ಅನ್ನ ಸಿಗುವುದಿಲ್ಲ. ಹನ್ನೆರಡೂವರೆಗೆ ಹಳ್ಳಿ ತಲುಪಿದರೆ ಬ್ರೆಡ್ಡಿನಂಗಡಿ ಊಟಕ್ಕೆ ಮುಚ್ಚಿರುತ್ತದೆ. ಸೋಮವಾರವಾದರೆ ಇಡೀ ದಿನ ಮುಚ್ಚಿದ್ದರೂ ಆಶ್ಚರ್ಯವಿಲ್ಲ. ನೀರು ಮಾತ್ರ ಸ್ಮಶಾನದಲ್ಲಿ ಸಿಗುತ್ತದೆ. ಸಮಾಧಿಯ ಹೂಗಿಡಗಳಿಗೆಂದು ಗೋಡೆಯ ಪಕ್ಕ ನಲ್ಲಿ ಇರುತ್ತದೆ. ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕವಿಲ್ಲದಿದ್ದರೆ ಬಾಟಲಿ ತುಂಬಿಕೊಳ್ಳಬಹುದು. ಆ ಊರಲ್ಲಿ ಮಧ್ಯಾಹ್ನದ ಹೊತ್ತು ಅತಿಥಿಸತ್ಕಾರ ನಡೆಸುವವರು ತೀರಿಕೊಂಡವರೊಬ್ಬರೇ.

ಕೊನೆಗೊಂದು ಆಕ್ಷೇಪ ಉಳಿಯುತ್ತದೆ. ಆ 3.25 ಮೀಟರ್ ಪಟ್ಟಿ ಯಾರಿಗಾಗಿ ಎಂದು ಇಂದಿನ ಕಾಯಿದೆ ಹೇಳುವಾಗ ನದಿಯ ಮೇಲ್ವಿಚಾರಕರು, ಮೀನು ಹಿಡಿಯುವವರು, ನಡೆದು ಹೋಗುವವರು ಎನ್ನುತ್ತದೆ. ಸೈಕಲ್ಲಿನವರ ಹೆಸರೇ ಇಲ್ಲವಲ್ಲ ಎಂದರೆ, ಹೇಳುತ್ತೇವೆ. ಆ ದಂಡೆಯಲ್ಲಿ ಸ್ವಲ್ಪ ದೂರಕ್ಕೇ ಮರಳು ಆಳವಾಗುತ್ತದೆ, ಮುಂದಿನ ಗಾಲಿ ಹೂತುಕೊಳ್ಳುತ್ತದೆ, ಸವಾರ ಇಳಿದು ತಳ್ಳತೊಡಗುತ್ತಾನೆ. ಇಳಿದವನು ನಡೆದು ಹೋಗುವವನೇ. ಸೈಕಲ್ ಆತನ ಸಾಮಾನು.