‘ಅಡಿಗೆಷ್ಟು?’: ಬಳಕೆದಾರರ ಕೈಪಿಡಿ

ಸೈಟು, ತೋಟ, ಫ್ಲ್ಯಾಟು, ಟೈಲ್ಸು, ಕರೆಂಟು ವೈರು ಅಥವಾ ಮಲ್ಲಿಗೆ ಹೂವು ಕೊಳ್ಳಲು ಹೊರಟವರು ಈ ಕೈಪಿಡಿಯನ್ನು ಚಪ್ಪಲಿ ಮೆಟ್ಟುವ ಮೊದಲೇ ಓದತಕ್ಕದ್ದು. ಮುಂಗಡ ಕೊಟ್ಟ ಮೇಲೆ ಓದಿ ಹೊಟ್ಟೆ ಉರಿದರೆ ಅದಕ್ಕೆ ತಯಾರಕರು ಹೊಣೆಯಲ್ಲ.

ಬೇಕಾಗುವ ಸಾಮಾನು

ಒಂದು ಟೇಪು, ಮೊಬೈಲಿನಲ್ಲಿರುವ ಕ್ಯಾಲ್ಕುಲೇಟರು, ಹಳೇ ಲಗ್ನಪತ್ರಿಕೆಯ ಖಾಲಿ ಹಿಂಬದಿ, ಬರೆಯುವ ಪೆನ್ನು. ಭಾವಮೈದುನ ಬೇಡ. ತಾವು ಏನೇ ಕೊಂಡರೂ ಅವರು ಅದನ್ನು ಹೋದ ವರ್ಷವೇ ಅರ್ಧ ಬೆಲೆಗೆ ಕೊಂಡಿರುತ್ತಾರೆ.

ಬಿಡಿಭಾಗಗಳ ಪರಿಚಯ

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಟ್ಟು 1,089 ಚದರಡಿ. ಮೂವತ್ತೂ ಅಲ್ಲದ, ಮೂವತ್ತೈದೂ ಅಲ್ಲದ ಈ 33 ಸರ್ವೆ ಸರಪಳಿಯ ಅರ್ಧ. ಸುಮಾರು 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ ನೂರು ಕೊಂಡಿಗಳ, 66 ಅಡಿ ಉದ್ದದ ಸರಪಳಿಯೊಂದನ್ನು ರೂಢಿಗೆ ತಂದ. ಗಂಟರನಿಂದಲೇ ಗುಂಟೆ ಹುಟ್ಟಿತೆಂದು ಸಭೆಯಲ್ಲಿ ಹೇಳಿ ಭಾಷಾಪಂಡಿತರಿಂದ ಬೈಸಿಕೊಳ್ಳಬೇಡಿ. ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಗುಂಟೆಗೆ ಹದಿನಾರು ಆಣೆ. ರೂಪಾಯಿಯಿಂದ ಆಣೆ ಹೋಗಿ ಎಷ್ಟೋ ಕಾಲವಾಯಿತು, ಪಹಣಿಯಿಂದ ಇನ್ನೂ ಹೋಗಿಲ್ಲ.

ಘಟ್ಟ ಇಳಿದರೆ ಗುಂಟೆ ನಿಂತು ಸೆಂಟ್ಸು ಶುರುವಾಗುತ್ತದೆ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಜೊತೆಗಿತ್ತಲ್ಲ, ಅಲ್ಲಿನ ಲೆಕ್ಕ ಎಕರೆಯ ನೂರರಲ್ಲೊಂದು ಪಾಲು. ಒಂದು ಸೆಂಟ್ಸಿಗೆ 435.6 ಚದರಡಿ, ಎರಡೂವರೆ ಸೆಂಟ್ಸು ಸೇರಿದರೆ ಒಂದು ಗುಂಟೆ. ಇನ್ನು ಮೇಸ್ತ್ರಿ ‘ಹತ್ತು ಚದರದ ಮನೆ’ ಎಂದರೆ ಹತ್ತು ಚದರಡಿಯ ಗೂಡು ಎಂದು ಗಾಬರಿಯಾಗಬೇಡಿ. ಅವರ ಒಂದು ಚದರ ಅಂದರೆ ನೂರು ಚದರಡಿ.

ಚಾಲನೆ

ನಿಯಮ ಒಂದೇ. ಅಳತೆ ದೊಡ್ಡದಾದರೆ ದರವೂ ದೊಡ್ಡದಾಗಬೇಕು, ಚಿಕ್ಕದಾದರೆ ಚಿಕ್ಕದಾಗಬೇಕು. ಅಡಿಗೆ ಹತ್ತು ರೂಪಾಯಿಯ ಪೈಪಿಗೆ ಮೀಟರಿಗೆ 32 ರೂಪಾಯಿ 80 ಪೈಸೆ. ಮೂರು ರೂಪಾಯಿ ಐದು ಪೈಸೆ ಎಂದು ಉತ್ತರ ಬಂದರೆ ಗುಣಿಸುವ ಕಡೆ ಭಾಗಿಸಿದ್ದೀರಿ. ಚದರ ಮೀಟರಿಗೆ ಹೋಗುವಾಗ 3.28ರಿಂದ ಒಂದೇ ಸಲ ಗುಣಿಸಿ ಕೈ ತೊಳೆದುಕೊಳ್ಳುವವರು ಓದಿದವರಲ್ಲೇ ಹೆಚ್ಚು. ಉದ್ದಕ್ಕೊಂದು ಸಲ, ಅಗಲಕ್ಕೊಂದು ಸಲ ಗುಣಿಸಬೇಕು. ಒಂದು ಚದರ ಮೀಟರಿಗೆ 10.764 ಚದರಡಿ.

ಈಗ ಎಕರೆಗೆ ಒಂದು ಕೋಟಿ ಇಪ್ಪತ್ತು ಲಕ್ಷದ ಜಮೀನು ಹಿಡಿಯಿರಿ (ಲೆಕ್ಕಕ್ಕೆ ತಾನೆ, ಹೆದರಬೇಡಿ). ಗುಂಟೆಗೆ ಮೂರು ಲಕ್ಷವಾಯಿತು, ಚದರಡಿಗೆ ಸುಮಾರು 275 ರೂಪಾಯಿ. ‘ಅಯ್ಯೋ, ಪಕ್ಕದ ಲೇಔಟಿನಲ್ಲಿ ಸೈಟು ಸಾವಿರದೈನೂರಕ್ಕೆ ಹೋಗ್ತಿದೆ!’ ಎಂದು ಕುಣಿಯುವ ಮುಂಚೆ ರಸ್ತೆ, ಪಾರ್ಕು, ಸಿಎ ಸೈಟು ಕಳೆಯಿರಿ. ನಲವತ್ತು ಗುಂಟೆಯಲ್ಲಿ ಮಾರಲು ಇಪ್ಪತ್ತೆರಡು ಉಳಿಯಿತೆನ್ನಿ. ಆಗ ಚದರಡಿಗೆ ಅಸಲೇ 500 ದಾಟಿತು. ಮೋರಿ, ಕಂಬ, ಕಚೇರಿ ಅಲೆದಾಟದ ಖರ್ಚು ಇನ್ನೂ ಸೇರಿಸಿಲ್ಲ.

ಎಚ್ಚರಿಕೆ: ಚುಕ್ಕಿ

ಈ ಭಾಗವನ್ನು ಎರಡು ಸಲ ಓದಿ. ನಮ್ಮ ದೊಡ್ಡಪ್ಪನ ಜಮೀನಿನ ಪಹಣಿಯಲ್ಲಿ 2.20 ಎಂದಿತ್ತು. ತುಮಕೂರು ಕಡೆಯ ಜಮೀನು. ಕೊಳ್ಳಲು ಬಂದವರ ಜೊತೆ ಒಬ್ಬ ಹುಡುಗ, ಇಂಜಿನಿಯರು, ಲ್ಯಾಪ್‌ಟಾಪ್ ಬಿಚ್ಚಿ 2.20 ಎಂದು ಹೊಡೆದ, ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಗುಣಿಸಿದ. ಎರಡು ಕೋಟಿ ಅರವತ್ತನಾಲ್ಕು ಲಕ್ಷ. ಎಲ್ಲರೂ ತಲೆಯಾಡಿಸಿದರು, ಕಾಫಿ ಬಂತು. ದೊಡ್ಡಪ್ಪ ಓದಿದ್ದು ನಾಲ್ಕನೇ ಕ್ಲಾಸು. ಬೆರಳು ಮಡಚುತ್ತಾ ಕೂತವರು ಲೋಟ ಕೆಳಗಿಟ್ಟು ಕೇಳಿದರು: “ಏನಪ್ಪಾ, ನನ್ನ ಹನ್ನೆರಡು ಗುಂಟೆ ನಿನ್ನ ಡಬ್ಬ ನುಂಗ್ಬಿಡ್ತಾ?”

2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಇಪ್ಪತ್ತು ಗುಂಟೆ ಅರ್ಧ ಎಕರೆ. ಹಾಗಾಗಿ ಅದು ಎರಡೂವರೆ ಎಕರೆ, ಬೆಲೆ ಮೂರು ಕೋಟಿ. ಒಂದು ಚುಕ್ಕಿ ಮೂವತ್ತಾರು ಲಕ್ಷ ತಿಂದಿತ್ತು. ಆ ಹುಡುಗನನ್ನು ಬೈಯಲಾರೆ. ಅದೇ 2.20 ಪುತ್ತೂರಿನ ಪಹಣಿಯಲ್ಲಿದ್ದಿದ್ದರೆ ಎರಡು ಎಕರೆ ಇಪ್ಪತ್ತು ಸೆಂಟ್ಸು ಆಗಿ ಅವನ ಲೆಕ್ಕ ಸರಿಯಾಗೇ ಇರುತ್ತಿತ್ತು.

ಕೂಡುವಾಗಲೂ ಇದೇ ಪಾಡು. ಒಬ್ಬ ಅಣ್ಣನ ಪಾಲು 0.20, ಇನ್ನೊಬ್ಬನದು 0.25. ಕ್ಯಾಲ್ಕುಲೇಟರು 0.45 ಎನ್ನುತ್ತದೆ. ನಲವತ್ತು ತುಂಬಿದ ಕೂಡಲೇ ಎಕರೆಯಾಗುತ್ತದೆ ಎಂಬುದು ಅದಕ್ಕೆ ತಿಳಿಯದು. ಸರಿಯಾದ ಉತ್ತರ 1.05. ಹತ್ತು ಅಡಿ ಆರು ಇಂಚಿನ ಕೋಣೆಯನ್ನು 10.6 ಎಂದು ಹೊಡೆಯುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಅದು 10.5.

ಹಳ್ಳ ಎಂದ ಕೂಡಲೇ ನೆನಪಾಯಿತು, ಪಹಣಿಯಲ್ಲಿ ಖರಾಬು ಎಂದೊಂದು ಕಾಲಂ ಇದೆ. ‘ಬ’ ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದನ್ನು ಕಳೆಯದೆ ಒಟ್ಟು ವಿಸ್ತೀರ್ಣಕ್ಕೆ ದುಡ್ಡು ಎಣಿಸಿದರೆ ಸರ್ಕಾರದ ಹಳ್ಳವನ್ನು ಸ್ವಂತ ಖರ್ಚಿನಲ್ಲಿ ಕೊಂಡಂತೆ.

ಒಳಾಂಗಣ ಬಳಕೆ

ಫ್ಲ್ಯಾಟಿಗೆ ‘ಚದರಡಿಗೆ ಆರು ಸಾವಿರ’ ಎಂದರೆ ‘ಯಾವ ಚದರಡಿ?’ ಎಂದು ಕೇಳಿ. ಸೂಪರ್ ಬಿಲ್ಟ್‌ಅಪ್ ಎಂಬುದರಲ್ಲಿ ಲಿಫ್ಟು, ಮೆಟ್ಟಿಲು, ಕೆಳಗೆ ವಾಚ್‌ಮನ್ ಕುರ್ಚಿ ಹಾಕುವ ಜಾಗ ಎಲ್ಲದರಲ್ಲೂ ನಿಮ್ಮ ಪಾಲಿರುತ್ತದೆ. 1,350 ಚದರಡಿ ಎಂದು ಎಂಬತ್ತೊಂದು ಲಕ್ಷ ಕೊಟ್ಟು ಒಳಗೆ ಅಳೆದಾಗ ಕಾರ್ಪೆಟ್ ಏರಿಯಾ ಸಾವಿರವಿದ್ದರೆ, ತಾವು ಕೊಟ್ಟ ದರ ಆರು ಸಾವಿರವಲ್ಲ, ಎಂಟು ಸಾವಿರದ ನೂರು. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನೆಂದು ಬಿಡಿಸಿ ಹೇಳಿದೆ. ಮಾರುವವರ ಬಾಯಲ್ಲಿ ಮಾತ್ರ ಅದು ಕೊನೆಗೆ ಬರುತ್ತದೆ.

ಟೈಲ್ಸ್ ಅಂಗಡಿಯಲ್ಲಿ ‘ಎರಡಡಿ ಬೈ ಎರಡಡಿ’ ಎನ್ನುವ ಕಲ್ಲು ನಿಜಕ್ಕೂ 600 ಮಿಲಿಮೀಟರಿನದು, ಎರಡಡಿಗೆ ಸ್ವಲ್ಪ ಕಡಿಮೆ. ನಾಲ್ಕು ಕಲ್ಲಿನ ಬಾಕ್ಸಿನಲ್ಲಿ 15.5 ಚದರಡಿ ಇರುತ್ತದೆ. ಬಿಲ್ಲಿನಲ್ಲಿ 16 ಇದ್ದರೆ ತುಟಿ ಬಿಚ್ಚಿ. ಮೂವತ್ತು ನಲವತ್ತರ ಸೈಟಿಗೂ ಇದೇ ರೋಗ. ಹೊಸ ಬಡಾವಣೆಗಳಲ್ಲಿ ಅದು 9 ಬೈ 12 ಮೀಟರು ಆಗಿ, 1,200 ಚದರಡಿಯ ಬದಲು 1,162.5 ಆಗುತ್ತದೆ. ಹೋದ ಮೂವತ್ತೇಳೂವರೆ ಚದರಡಿಯಲ್ಲಿ ಒಂದು ಬಚ್ಚಲುಮನೆ ಆರಾಮವಾಗಿ ಕೂರುತ್ತಿತ್ತು. ಕರೆಂಟು ವೈರಿನ ಸುರುಳಿ 90 ಮೀಟರು, ಮೀಟರಿನ ದರ ತೆಗೆಯಲು ನೂರರಿಂದ ಭಾಗಿಸಬೇಡಿ. ಪೇಂಟರು ಗೋಡೆ ಅಳೆಯುವಾಗ ಕಿಟಕಿ ಬಾಗಿಲನ್ನೂ ಸೇರಿಸಿಯೇ ಅಳೆಯುತ್ತಾರೆ. ಕೇಳಿದರೆ ಚೌಕಟ್ಟಿನ ಸುತ್ತ ಕೆಲಸ ಜಾಸ್ತಿ ಎನ್ನುತ್ತಾರೆ. ಆ ಜಗಳ ನಾನು ಎರಡು ಸಲ ಆಡಿ ಎರಡು ಸಲವೂ ಸೋತಿದ್ದೇನೆ.

ಈ ಕೈಪಿಡಿ ಅನ್ವಯಿಸದ ಜಾಗ

ಹೂವಿನ ಬುಟ್ಟಿಯ ಮುಂದೆ ಕ್ಯಾಲ್ಕುಲೇಟರು ತೆಗೆಯಬೇಡಿ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿ, ನಾಲ್ಕು ಮೊಳಕ್ಕೊಂದು ಮಾರು. ಪುಸ್ತಕದ ಪ್ರಕಾರ ಮೊಳಕ್ಕೆ ಹದಿನೆಂಟು ಇಂಚು. ಹೂವಮ್ಮನ ಕೈಯಲ್ಲಿ ಹದಿನಾರೂ ಆಗಬಹುದು. ಮೊಳಕ್ಕೆ ನಲವತ್ತಾದರೆ ಅಡಿಗೆ ಇಪ್ಪತ್ತಾರು ಚಿಲ್ಲರೆ ಇದ್ದದ್ದು ಮೂವತ್ತಾಯಿತು ಎಂದು ನಾನೊಮ್ಮೆ ಅಲ್ಲೇ ನಿಂತು ಲೆಕ್ಕ ಹಾಕಿ ಹೇಳಿದೆ. ಆಕೆ ನನ್ನ ಕೈ ನೋಡಿ, “ನಿಮ್ ಕೈಯಲ್ಲೇ ಅಳ್ದು ಕೊಡ್ಲಾ ಸಾರ್?” ಎಂದರು. ನನ್ನ ಮೊಳ ಆಕೆಯದಕ್ಕಿಂತ ಗಿಡ್ಡ.

ಆದರೂ ಮಾಲೆ ಕತ್ತರಿಸುವ ಮುನ್ನ ನಾಲ್ಕು ಬೆರಳು ಮುಂದಕ್ಕೆ ಬಿಟ್ಟರು. ಜಮೀನಿಗೆ ಖರಾಬುಂಟು, ಫ್ಲ್ಯಾಟಿಗೆ ಸೂಪರ್ ಬಿಲ್ಟ್‌ಅಪ್ ಉಂಟು. ಕೊಸರು ಇರುವುದು ಇಲ್ಲೊಂದೇ ಕಡೆ. ಕೇಳಿ, ಕೊಡುತ್ತಾರೆ.